ಕೆಳಗ ಇಡ್ರಿ, ತಗೋತೀನಿ

ವಿದೇಶಕ್ಕೆ ಹೋದವರು ಗೋಪುರ, ಸೇತುವೆ, ಹಿಮ ನೋಡಿಕೊಂಡು ಬರುತ್ತಾರೆ. ನಾನು ಒಂದು ಗೋಡೆಗೆ ತೂತು ಹಾಕಿ ಬಂದೆ. ಬಂದ ಮೇಲೆ ಓಣಿಯವರು ಫೋಟೋ ತೋರಿಸಿ ಎಂದರು. ತಂಗಿಯ ಮನೆಯಲ್ಲಿ ನಾನು ಕೂರಿಸಿದ ಕಪಾಟಿನ ಫೋಟೋ ತೋರಿಸಿದೆ. "ಇಂಥಾವು ಇಲ್ಲೂ ಸಿಗತಾವಲ್ರಿ" ಎಂದು ಹೇಳಿ ಎದ್ದು ಹೋದರು. ಹಾಗಾಗಿ ನಡೆದದ್ದನ್ನು ಮೊದಲಿನಿಂದ ಬರೆದುಬಿಡುವುದೇ ವಾಸಿ ಎನಿಸಿದೆ.

ಬೆಂಗಳೂರು ವಿಮಾನ ನಿಲ್ದಾಣ

ನನ್ನ ತಂಗಿ ಸುಜಾತ ಸ್ಕಾಟ್ಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅಲ್ಲೇ ಒಂದು ಹಳೆಯ ಮನೆ ತೆಗೆದುಕೊಂಡಳು. ತೆಗೆದುಕೊಂಡ ಮೇಲೆ ಫೋನ್ ಮಾಡಿದಳು.

"ಅಣ್ಣಾ, ಇಲ್ಲಿ ಗ್ವಾಡಿಗೆ ಒಂದು ಕಪಾಟು ಕೂಡಸಾಕ ಆಳು ಸಿಗವಲ್ಲರು. ಸಿಕ್ಕಾವ್ರು ಮುಂದಿನ ತಿಂಗಳ ಬರ್ತೀನಿ ಅಂತಾರ. ನೀನ ಬಂದು ಹೋಗು."

ನಾನು ಬಳ್ಳಾರಿಯಲ್ಲಿ ಐಟಿಐ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿ ನಿವೃತ್ತನಾದವನು. ಬದುಕಿನಲ್ಲಿ ನಾನು ಎಲ್ಲಿಗೆ ಹೋದರೂ ಮೊದಲು ಕಾಣುವುದು ಯಾವುದು ಸೊಟ್ಟಗಿದೆ ಎಂಬುದು. ಮದುವೆ ಮನೆಗೆ ಹೋದರೆ ಮದುಮಕ್ಕಳಿಗಿಂತ ಮೊದಲು ಹಂದರದ ಕಂಬ ಕಾಣುತ್ತದೆ. ಇಂಥವನನ್ನು ಒಂದು ಕಪಾಟಿಗಾಗಿ ಸಮುದ್ರ ದಾಟಿಸಿ ಕರೆಸುವುದು ತಂಗಿಗೆ ಸಹಜವೆನಿಸಿತು. ನನಗೂ ಹಾಗೇ ಅನಿಸಿದ್ದು ಮಾತ್ರ ಈಗ ನೆನೆಸಿಕೊಂಡರೆ ನಗು ಬರುತ್ತದೆ.

ನನ್ನ ಡ್ರಿಲ್ ಮಿಷಿನ್ನು ಒಯ್ಯಬೇಕೆಂದಿದ್ದೆ. ನನ್ನ ಹೆಂಡತಿ ಅದನ್ನು ಪೆಟ್ಟಿಗೆಯಿಂದ ತೆಗೆದು ಆ ಜಾಗದಲ್ಲಿ ಶೇಂಗಾ ಚಟ್ನಿಪುಡಿ, ಸಜ್ಜಿ ರೊಟ್ಟಿ ತುಂಬಿದಳು. "ಡ್ರಿಲ್ ತಿನ್ನಾಕ ಬರತೈತೇನ್ರಿ?" ಎಂದಳು. ಕೊನೆಗೆ ನನ್ನ ಕೈಚೀಲದಲ್ಲಿ ಉಳಿದದ್ದು ಒಂದು ರಸಮಟ್ಟ ಮಾತ್ರ. ಗೋಡೆ, ನೆಲ ಸಮ ಇದೆಯೋ ಇಲ್ಲವೋ ಎಂದು ಗಾರೆಯವರು ಇಟ್ಟು ನೋಡುತ್ತಾರಲ್ಲ, ಆ ಪಟ್ಟಿ.

ತಪಾಸಣೆಯ ಅಧಿಕಾರಿ ಅದನ್ನು ಎತ್ತಿ ಬೆಳಕಿಗೆ ಹಿಡಿದು, ಒಳಗೆ ಇರುವ ದ್ರವ ಯಾವುದು ಎಂದು ಕೇಳಿದ. ಗುಳ್ಳೆ ನಡುವೆ ನಿಂತರೆ ಸಮ, ಓಡಿದರೆ ಸೊಟ್ಟ ಎಂದು ವಿವರಿಸಿದೆ. ಆತ ನಂಬದೆ ತನ್ನ ಮೇಜಿನ ಮೇಲೇ ಇಟ್ಟ. ಗುಳ್ಳೆ ಒಂದು ಮೂಲೆಗೆ ಓಡಿತು. ಆತ ತಿರುಗಿಸಿ ಇಟ್ಟ. ಇನ್ನೊಂದು ಮೂಲೆಗೆ ಓಡಿತು. ಸಾಲಿನಲ್ಲಿ ನಿಂತವರೆಲ್ಲ ಬಗ್ಗಿ ನೋಡತೊಡಗಿದರು. ಅಧಿಕಾರಿ ರಸಮಟ್ಟವನ್ನು ನನ್ನ ಚೀಲಕ್ಕೆ ತುರುಕಿ, ಬೇಗ ಹೋಗಿ ಎಂದು ಕೈ ಮಾಡಿದ.

ಸುಜಾತಳ ಮನೆ

ಆ ದೇಶದಲ್ಲಿ ಗೋಡೆ ಎನ್ನುವುದು ಒಂದು ನಂಬಿಕೆ. ಬೆರಳಿನಿಂದ ತಟ್ಟಿದರೆ ರಟ್ಟಿನ ಪೆಟ್ಟಿಗೆಯ ಸದ್ದು. ನಮ್ಮ ಕಡೆ ಬಂಡೆಗಲ್ಲಿನ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೆ ಮೂರು ಮೊಳೆ ಡೊಂಕಾಗುತ್ತವೆ, ಒಬ್ಬನ ಹೆಬ್ಬೆರಳು ಹೋಗುತ್ತದೆ. ಇಲ್ಲಿ, ಮನೆಯಲ್ಲಿ ಸುತ್ತಿಗೆ ಇಲ್ಲದ್ದಕ್ಕೆ ಬಾಣಲೆಯ ತಳದಿಂದ ಒಂದು ಏಟು ಹಾಕಿದ್ದೇ, ಮೊಳೆ ಪೂರ್ತಿ ಒಳಗೆ ಹೋಗಿ ಕಾಣೆಯಾಯಿತು. ಗೋಡೆಯಲ್ಲಿ ಬಾಣಲೆಯ ಅಂಚು ಮೂಡಿ ನಿಂತಿತು.

ಬಳ್ಳಾರಿಯಲ್ಲಾದರೆ ಮೊದಲ ಏಟಿಗೇ ಅಕ್ಕಪಕ್ಕದವರು ನಮ್ಮ ಪಡಸಾಲೆಗೆ ಬಂದು, ಒಬ್ಬರು ಮೇಲೆ ಹೊಡಿ ಎಂದು, ಒಬ್ಬರು ಕೆಳಗೆ ಹೊಡಿ ಎಂದು, ಚಹಾ ಕುಡಿದು ಹೋಗಿರುತ್ತಿದ್ದರು. ಇಲ್ಲಿ ಪಕ್ಕದ ಮನೆಯ ಪರದೆ ಸ್ವಲ್ಪ ಅಲುಗಾಡಿತು, ಅಷ್ಟೇ. ಮರುದಿನ ಬಾಗಿಲ ಸಂದಿಯಲ್ಲಿ ಒಂದು ಕಾರ್ಡು: ನಿನ್ನೆ ನಿಮ್ಮಲ್ಲಿ ಸದ್ದು ಕೇಳಿಸಿತು, ಎಲ್ಲರೂ ಕ್ಷೇಮವಿದ್ದೀರಿ ಎಂದು ಭಾವಿಸಿದ್ದೇವೆ.

ಸುಜಾತ ಆ ಕಾರ್ಡನ್ನು ಫ್ರಿಜ್ಜಿನ ಮೇಲೆ ಅಂಟಿಸಿದಳು. "ಅಣ್ಣಾ, ನಾ ಇಲ್ಲಿಗೆ ಬಂದಾಗಿಂದ ಆ ಮನಿಯಾವ್ರು ನನಗ ಮೊದಲನೇ ಸಲ ಮಾತಾಡಿದ್ದು ನೋಡು ಇದು" ಎಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಈ ಗೋಡೆಗೆ ಡ್ರಿಲ್ಲೇ ಬೇಕು, ಒಂದು ಹೊಸದು ಕೊಂಡುಬಿಡೋಣ ಎಂದೆ.

"ನಾಕು ತೂತಿಗೆ ಮಿಷಿನ್ ಯಾಕ ಕೊಳ್ತಿ? ಲೈಬ್ರರ್ಯಾಗ ಸಿಗತೈತಿ."

"ತೂತು ಹಾಕೋದು ಹೆಂಗ ಅಂತ ಬುಕ್ ಓದಬೇಕೇನವ್ವ?"

"ಬುಕ್ಕಲ್ಲೋ, ಮಿಷಿನ್ನ ಕೊಡ್ತಾರ. ಶನಿವಾರ ಹೋಗೂಣು ಬಾ."

ಚರ್ಚಿನ ಹಿಂದಿನ ಶೆಡ್ಡು

ಸುಜಾತ ಹೇಳಿದ ಲೈಬ್ರರಿ ಇದೇ. ಶೆಡ್ಡಿನ ಗೋಡೆಯ ತುಂಬ ಪುಸ್ತಕದ ಬದಲು ಉಪಕರಣಗಳು. ಪ್ರತಿಯೊಂದರ ಸುತ್ತ ಅದರದೇ ಆಕಾರದ ಗೆರೆ ಬರೆದಿದ್ದಾರೆ. ಇಕ್ಕಳ ಹೋದರೆ ಇಕ್ಕಳದ ಗೆರೆ ಉಳಿದಿರುತ್ತದೆ. ಯಾರೂ ಸಂಬಳಕ್ಕಿಲ್ಲ. ಶನಿವಾರ ಬೆಳಿಗ್ಗೆ ಬಿಡುವಿದ್ದವರು ಬಂದು ಕೂರುತ್ತಾರೆ, ಕೇಳಿದವರಿಗೆ ಕೊಡುತ್ತಾರೆ, ತಂದಾಗ ತೆಗೆದುಕೊಳ್ಳುತ್ತಾರೆ. ನಾನು ಕೆಲಸ ಮಾಡಿದ ಕಡೆಯ ಸ್ಟೋರಿನಲ್ಲಿ ಸಾಮಾನು ಹೊಸದಾಗಿಯೇ ಉಳಿಯಲಿ ಎಂದು ಹುಡುಗರಿಗೆ ಕೊಡುತ್ತಲೇ ಇರಲಿಲ್ಲ. ತಪಾಸಣೆಗೆ ಬಂದವರು ಅದರ ಹೊಳಪು ನೋಡಿ ಮೆಚ್ಚಿ ಹೋಗುತ್ತಿದ್ದರು.

ಎತ್ತರದ ಸ್ಟೂಲಿನ ಮೇಲೆ ಮೋರಾಗ್ ಎಂಬ ಹೆಂಗಸು ಕೂತು ಉಣ್ಣೆ ಹೆಣೆಯುತ್ತಿದ್ದರು. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಯಾವ ಊರು ಎಂದರು, ಬಳ್ಳಾರಿ ಎಂದೆ. ಎಲ್ಲಿ ಎಂದು ಕೇಳಲಿಲ್ಲ. ಅಲ್ಲಿ ಕಬ್ಬಿಣದ ಅದಿರು ಇದೆಯಲ್ಲವೇ ಎಂದರು. ಗೋಡೆಯಿಂದ ಡ್ರಿಲ್ ಇಳಿಸಿ, ಹಿಡಿಕೆಯನ್ನು ನನ್ನ ಕಡೆ ತಿರುಗಿಸಿ, ನನ್ನ ಅಂಗೈಯಲ್ಲಿ ಇಟ್ಟರು. ಹೆಸರು ಕೇಳಿದರು. ಗೌತಮ ಎಂದೆ. "ನಿಮಗೆ ಏನು ಕೆಲಸ ಬರುತ್ತದೆ?" ಎಂದು ಕೇಳಿದರು. ಸಾಣೆ ಹಿಡಿಯಲು ಬರುತ್ತದೆ ಎಂದೆ. ಮುಂದಿನ ಶನಿವಾರ ನಾನು ಕೌಂಟರಿನ ಒಳಗಿದ್ದೆ.

ಆ ಊರಿನವರಿಗೆ ಉಪಕರಣಗಳ ಮೇಲೆ ಅಪಾರ ಗೌರವ, ಅದಕ್ಕಿಂತ ಹೆಚ್ಚು ಭಯ. ಸುತ್ತಿಗೆ ಹಿಡಿಯುವುದು ಹೇಗೆ ಎಂದು ಬಣ್ಣದ ಪಟ ಹಾಕಿದ್ದರು. ಒಬ್ಬಾತ ಗರಗಸ ಒಯ್ದು ಹಾಗೇ ತಂದ, ಮತ್ತೆ ಒಯ್ದು ಮತ್ತೆ ಹಾಗೇ ತಂದ, ಧೈರ್ಯ ಬರಲಿಲ್ಲವಂತೆ. ಇನ್ನೊಬ್ಬ ತಂದ ಗುದ್ದಲಿ ಎಷ್ಟು ಸ್ವಚ್ಛವಾಗಿತ್ತೆಂದರೆ ಅದು ಮಣ್ಣು ಕಂಡಿದೆಯೇ ಎಂದು ನನಗೆ ಅನುಮಾನ ಬಂತು. ಮಳೆ ಬಂತು, ಅಗೆಯಲಿಲ್ಲ ಎಂದು ಅವನೇ ಒಪ್ಪಿಕೊಂಡ. ಮೋರಾಗ್ ಅವನನ್ನು ಸಾವಿನ ಮನೆಯಲ್ಲಿ ಮಾತಾಡಿಸುವಂತೆ ಮಾತಾಡಿಸಿ ಕಳಿಸಿದರು. ಒಬ್ಬ ಅಜ್ಜಿ ಇಕ್ಕಳದ ಜೊತೆ ಒಂದು ಧನ್ಯವಾದದ ಚೀಟಿ ತಂದರು. ಚೀಟಿ ನಮಗಲ್ಲ, ಇಕ್ಕಳಕ್ಕೆ.

ನಗುವಂಥದ್ದು ಬೇಕಾದಷ್ಟಿತ್ತು. ಆದರೆ ನಾನು ಸಾಣೆ ಹಿಡಿದು ಕೊಟ್ಟ ಕತ್ತರಿ, ಉಳಿಗಳನ್ನು ಜನ ಕೈ ಚಾಚಿ ನನ್ನ ಕೈಯಿಂದ ತೆಗೆದುಕೊಳ್ಳುವಾಗ ನಗು ನಿಲ್ಲುತ್ತಿತ್ತು. ಅದಕ್ಕೆ ಕಾರಣವಿದೆ.

ನಮ್ಮ ಅಪ್ಪ ದುರುಗಪ್ಪ ಕುರುಗೋಡಿನಲ್ಲಿ ಬಾವಿ ತೋಡುವ ಕೂಲಿ. ಸ್ವಂತದ್ದೊಂದು ಹಾರೆ ಇರಲಿಲ್ಲ. ದೊಡ್ಡಮನಿ ಗೌಡರ ಹಿತ್ತಲಲ್ಲಿ ಬಾವಿ ತೋಡುವಾಗ ಅವರದೇ ಹಾರೆ ಕೇಳಬೇಕು. ಅವರು ಅಂಗಳಕ್ಕೆ ಎಸೆಯುತ್ತಿದ್ದರು, ಅಪ್ಪ ಎತ್ತಿಕೊಳ್ಳುತ್ತಿದ್ದ. ಸಂಜೆ ಅಪ್ಪ ಅಂಗಳದಲ್ಲಿ ಇಟ್ಟು ದೂರ ಸರಿಯುತ್ತಿದ್ದ, ಅವರು ಅದರ ಮೇಲೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು. ಬಾವಿಯಲ್ಲಿ ನೀರು ಬಂದ ಮೇಲೆ ಚಿಮುಕಿಸಿದ್ದು ಅದೇ ಬಾವಿಯ ನೀರನ್ನು. ಮುಂದೆ ಅಪ್ಪ ಬಳ್ಳಾರಿಗೆ ಬಂದು ಬೌದ್ಧನಾದ, ನಮಗೆ ಗೌತಮ, ಸುಜಾತ ಎಂದು ಹೆಸರಿಟ್ಟ, ಓದಿಸಿದ. ಕುರುಗೋಡಿನ ಮಾತು ಮಾತ್ರ ಎಂದೂ ಎತ್ತಲಿಲ್ಲ, ಹಾರೆಯ ಕಥೆ ನಮಗೆ ಅವ್ವ ಹೇಳಿದ್ದು.

ಆ ಶೆಡ್ಡಿನಲ್ಲಿ ನಿಂತಾಗ ನನಗೆ ಒಂದೇ ಆಸೆ ಹುಟ್ಟಿತು. ನಮ್ಮ ಕಡೆಯ ಜನ ನನ್ನ ಕೈಯಿಂದ ಒಂದು ಸಾಮಾನು ಒಯ್ದು, ಕೆಲಸ ಮುಗಿಸಿ, ನನ್ನ ಕೈಗೇ ತಂದು ಕೊಡಬೇಕು. ಅಷ್ಟು ನೋಡಿದರೆ ಸಾಕು. ಇದನ್ನು ಸುಜಾತಳಿಗೂ ಹೇಳಲಿಲ್ಲ. ಮೋರಾಗ್ ಅವರಿಗೆ, ನಮ್ಮೂರಲ್ಲೂ ಇಂಥದ್ದು ಮಾಡುತ್ತೇನೆ, ಪರಿಸರಕ್ಕೆ ಬಹಳ ಒಳ್ಳೆಯದು ಎಂದು ಹೇಳಿದೆ.

ಬಳ್ಳಾರಿ, ಕಂಟೋನ್ಮೆಂಟ್

ಬ್ಯಾಂಕಿನಿಂದ ನಿವೃತ್ತನಾದ ನನ್ನ ಗೆಳೆಯ ಪಂಪಾಪತಿಗೆ ಕಂಟೋನ್ಮೆಂಟಿನಲ್ಲಿ ಹಳೆಯ ಬಂಗಲೆ ಇದೆ. ಅದರ ಹಿಂದೆ ಬ್ರಿಟಿಷರ ಕಾಲದ ಕುದುರೆ ಲಾಯ. ಅವನ ಕಾರು ಅದರೊಳಗೆ ಹಿಡಿಯುವುದಿಲ್ಲ, ಕುದುರೆ ಅವನ ಹತ್ತಿರ ಇಲ್ಲ. ಆ ಲಾಯವನ್ನು ನಮಗೆ ಬಿಟ್ಟುಕೊಟ್ಟ.

ಸ್ವಯಂಸೇವಕರನ್ನು ಕರೆದೆ. ಬಹಳ ಜನ ಬಂದರು. ಒಬ್ಬರು ಅಧ್ಯಕ್ಷರಾದರು, ಒಬ್ಬರು ಗೌರವಾಧ್ಯಕ್ಷರಾದರು, ಗೌರವಾಧ್ಯಕ್ಷರಿಗೆ ಆಗದವರೊಬ್ಬರು ಮಹಾಪೋಷಕರಾದರು. ಉಪಾಧ್ಯಕ್ಷರು ಮುನಿಸಿಕೊಂಡು ಕಾರ್ಯಾಧ್ಯಕ್ಷರಾದರು. ಸ್ಟೂಲಿನ ಮೇಲೆ ಕೂತು ಸಾಮಾನು ಕೊಡಲು ನಾನು ಮತ್ತು ಪಂಪಾಪತಿ ಉಳಿದೆವು.

ಉದ್ಘಾಟನೆ ಜೋರಾಗಿ ಆಯಿತು. ಉಪಕರಣಗಳಿಗಿಂತ ಶಾಲುಗಳು ಹೆಚ್ಚಿದ್ದವು. ಮುಖ್ಯ ಅತಿಥಿಗಳು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಓದುವ ಹವ್ಯಾಸದ ಮಹತ್ವ ಹೇಳಿದರು; ಗ್ರಂಥಾಲಯ ಎಂಬುದನ್ನಷ್ಟೇ ಅವರಿಗೆ ಹೇಳಿ ಕರೆತಂದಿದ್ದರು. ರಿಬ್ಬನ್ನನ್ನು ನಮ್ಮ ಹೊಸ ಕತ್ತರಿಯಿಂದಲೇ ಕತ್ತರಿಸಿದರು. ಅವರ ಹಿಂಬಾಲಕನೊಬ್ಬ ಆ ಕತ್ತರಿಯನ್ನು ಭಕ್ತಿಯಿಂದ ಜೇಬಿಗೆ ಹಾಕಿಕೊಂಡ. ಅದೇ ನಮ್ಮ ಮೊದಲ ಎರವಲು, ಇನ್ನೂ ಬಂದಿಲ್ಲ.

ಸ್ಕಾಟ್ಲೆಂಡಿನ ಎಲ್ಲ ನಿಯಮಗಳನ್ನೂ ಹಾಗೇ ಇಳಿಸಿದ್ದೆ. ಶನಿವಾರ ಬೆಳಿಗ್ಗೆ ಬಾಗಿಲು ತೆರೆದೆ. ಯಾರೂ ಬರಲಿಲ್ಲ. ಮುಂದಿನ ಶನಿವಾರ ಒಬ್ಬ ತರುಣ ಬಂದು ಕೆಎಎಸ್ ಪರೀಕ್ಷೆಯ ಪುಸ್ತಕ ಕೇಳಿದ. ಅದರ ಮುಂದಿನ ಶನಿವಾರ ಅವನೂ ಬರಲಿಲ್ಲ. ನಮ್ಮ ಜನಕ್ಕೆ ಹಂಚಿಕೊಂಡು ಬಾಳುವ ಸಂಸ್ಕಾರವಿಲ್ಲ, ಆ ದೇಶ ನೋಡು, ಈ ದೇಶ ನೋಡು ಎಂದು ಪಂಪಾಪತಿಗೆ ಉಪನ್ಯಾಸ ಕೊಟ್ಟೆ. ಅವನು ಶೇಂಗಾ ಸುಲಿಯುತ್ತ ಪೂರ್ತಿ ಕೇಳಿಸಿಕೊಂಡ.

"ಅಲ್ಲಪಾ ಗೌತಮ, ಶನಿವಾರ ಯಾರು ಕಬ್ಬಿಣ ಮನಿಗೆ ತರ್ತಾರ?"

ಶನಿವಾರ ಕಬ್ಬಿಣವನ್ನು ಹೊಸ್ತಿಲು ದಾಟಿಸಿ ಒಳಗೆ ತರಬಾರದು, ಶನಿ ಜೊತೆಗೆ ಬರುತ್ತಾನೆ ಎಂಬುದು ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಅಪ್ಪ ಶನಿವಾರ, ಅಮಾವಾಸ್ಯೆಗಳನ್ನೆಲ್ಲ ಎಂದೋ ಮನೆಯಿಂದ ಹೊರಗೆ ಹಾಕಿದ್ದ. ನನ್ನ ಲೆಕ್ಕದಲ್ಲಿ ಶನಿವಾರ ಎಂದರೆ ಭಾನುವಾರದ ಹಿಂದಿನ ದಿನ, ಅಷ್ಟೇ.

"ಮೊದಲ ಯಾಕ ಹೇಳಲಿಲ್ಲೋ?"

"ನೀ ಫಾರಿನ್ ನೋಡಿ ಬಂದಾವ. ಏನರ ವಿಚಾರ ಮಾಡಿರ್ತಿ ಅಂದ್ಕೊಂಡೆ."

ಹೊಸ ದಿನ ಹುಡುಕಲು ಕೂತೆವು. ಮಂಗಳವಾರ, ಶುಕ್ರವಾರ ಮನೆಯ ಸಾಮಾನು ಹೊರಗೆ ಕೊಡಬಾರದು, ಲಕ್ಷ್ಮಿ ಹೋಗುತ್ತಾಳೆ ಎಂದು ಮಹಾಪೋಷಕರು ಫೋನಿನಲ್ಲಿ ತಿಳಿಸಿದರು. ದೀಪ ಹಚ್ಚಿದ ಮೇಲೆ ಯಾವ ದಿನವೂ ಕೂಡದು. ಅಮಾವಾಸ್ಯೆ ಕೇಳುವುದೇ ಬೇಡ. ಕೊನೆಗೆ ಭಾನುವಾರ ಬೆಳಿಗ್ಗೆ ಎಂದಾಯಿತು. ಮರು ಭಾನುವಾರವೇ ಲಾಯದ ಮುಂದೆ ಸಾಲು ನಿಂತಿತು. ಸಂಸ್ಕಾರದ ಬಗ್ಗೆ ನಾನು ಆಡಿದ ಮಾತನ್ನು ಪಂಪಾಪತಿ ಯಾರಿಗೂ ಹೇಳಲಿಲ್ಲ, ಅದಕ್ಕೆ ಅವನಿಗೆ ಋಣಿಯಾಗಿದ್ದೇನೆ.

ಮೊದಲು ಬಂದವರು ಒಬ್ಬ ಮೇಷ್ಟ್ರು, ಗರಗಸ ಬೇಕಿತ್ತು. ಮೋರಾಗ್ ಮಾಡಿದ ಹಾಗೆ ಹಿಡಿಕೆಯನ್ನು ಅವರ ಕಡೆ ತಿರುಗಿಸಿ ಕೈ ಚಾಚಿದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ಕೆಳಗ ಇಡ್ರಿ ಸರ್, ತಗೋತೀನಿ."

"ಯಾಕ್ರಿ?"

"ಹರಿತದ್ದು ಕೈಯಾಗ ಕೈ ಕೊಟ್ರ ಜಗಳ ಆಗತಾವ್ರಿ."

ಇದೂ ನನಗೆ ಗೊತ್ತಿದ್ದದ್ದೇ. ಉಪ್ಪು, ಮೆಣಸಿನಕಾಯಿ, ಕತ್ತರಿ, ಈಳಿಗೆ ಯಾರೂ ಕೈಯಿಂದ ಕೈಗೆ ಕೊಡುವುದಿಲ್ಲ. ನಮ್ಮ ಅವ್ವನೂ ಕೆಳಗಿಟ್ಟೇ ಕೊಡುತ್ತಿದ್ದಳು. ಮೇಷ್ಟ್ರ ಮೇಲೆ ಸಿಟ್ಟಾಗಲು ದಾರಿಯೇ ಇರಲಿಲ್ಲ. ನೆಲದ ಮೇಲಿಟ್ಟೆ, ಅವರು ಬಗ್ಗಿ ಎತ್ತಿಕೊಂಡರು. ಬಗ್ಗಿದ ಆ ಬೆನ್ನು ನೋಡಿ ನನಗೆ ಅಪ್ಪನ ನೆನಪಾಯಿತು. ನನ್ನ ಅಪ್ಪನ ಮುಂದೆ ಎಸೆದದ್ದೂ ಜಗಳ ಆಗದಿರಲಿ ಎಂದೇ ಇರಬಹುದು ಎಂದುಕೊಂಡು ಒಬ್ಬನೇ ನಕ್ಕೆ.

ಅಂದಿನಿಂದ ನನಗೊಂದು ಹುಚ್ಚು ಹಿಡಿಯಿತು. ಯಾರು ಪದ್ಧತಿಗಾಗಿ ಕೆಳಗಿಡು ಎನ್ನುತ್ತಾರೆ, ಯಾರು ನಾನು ಯಾರೆಂದು ತಿಳಿದು ಎನ್ನುತ್ತಾರೆ? ಹರಿತವಲ್ಲದ್ದನ್ನು ಚಾಚಿ ನೋಡತೊಡಗಿದೆ. ಬಣ್ಣದ ಬ್ರಷ್ಷನ್ನು ಹೆಚ್ಚಿನವರು ಕೈಯಿಂದಲೇ ಒಯ್ದರು. ಅಳತೆ ಟೇಪನ್ನು ಒಬ್ಬರು ಕೆಳಗಿಡಿ ಎಂದರು.

"ಟೇಪು ಹರಿತದ್ದಲ್ಲಲ್ರಿ" ಎಂದೆ.

"ಒಳಗಿನ ಪಟ್ಟಿ ಕಬ್ಬಿಣ ಐತಲ್ರಿ" ಎಂದರು.

ಅವರ ಮುಖ ಎಷ್ಟು ನೋಡಿದರೂ ನನಗೆ ಏನೂ ತಿಳಿಯಲಿಲ್ಲ. ನನ್ನ ಸಂಕಟ ನೋಡಲಾರದೆ ಪಂಪಾಪತಿ ಒಂದು ಟೇಬಲ್ ತಂದು ನಡುವೆ ಹಾಕಿದ. ಇನ್ನು ಮೇಲೆ ಎಲ್ಲವೂ ಟೇಬಲ್ಲಿನ ಮೇಲೆ. ಯಾರೂ ಬಗ್ಗುವುದು ಬೇಡ, ಯಾರೂ ಚಾಚುವುದು ಬೇಡ. ಬಂದವರೆಲ್ಲ ಎಷ್ಟು ನೀಟು ವ್ಯವಸ್ಥೆ ಎಂದು ಹೊಗಳಿದರು. ನನಗೆ ಆ ಟೇಬಲ್ಲನ್ನು ಗರಗಸದಿಂದ ಕೊಯ್ದುಹಾಕಬೇಕು ಅನಿಸುತ್ತಿತ್ತು.

ದಸರಾ ಹತ್ತಿರ ಬಂತು. ಮನೆ ಮನೆಯಲ್ಲಿ ಸುಣ್ಣ ಬಣ್ಣ. ಒಂದು ಭಾನುವಾರ ನಾನು ಊರಲ್ಲಿರಲಿಲ್ಲ. ಮರುದಿನ ಪಂಪಾಪತಿ ಸಂಭ್ರಮದಿಂದ ಹೇಳಿದ: "ಡ್ರಿಲ್ ಮಿಷಿನ್ ಸಿರುಗುಪ್ಪದ ಈರಮ್ಮ ಅಂತ ಒಬ್ಬಾಕಿ ಒಯ್ದಾಳ. ದೊಡ್ಡ ಏಣಿ ಕುರುಗೋಡಿಗೆ ಹೋತು. ದೊಡ್ಡಮನಿ ಗೌಡ್ರು ಟೆಂಪೋ ಕಳಿಸಿದ್ರು. ಭಾಳ ಮರ್ಯಾದಸ್ಥರು."

ಅದೇ ಮನೆ. ಹಾರೆ ಎಸೆದ ಗೌಡರು ತೀರಿಹೋಗಿದ್ದಾರೆ, ಈಗಿನವರು ಅವರ ಮಗ. ಏಣಿ ತಂದು ನನ್ನ ಕೈಗೆ ಕೊಡುತ್ತಾರೆಯೇ ಎಂದು ಭಾನುವಾರ ಭಾನುವಾರ ಕಾದೆ. ಬರಲಿಲ್ಲ. ಫೋನ್ ಮಾಡಿದರೆ, ಆಯುಧ ಪೂಜೆಗೆ ಇಟ್ಟಿದ್ದೇವೆ, ಹಬ್ಬ ಮುಗಿಯಲಿ ಎಂದರು. ನಮ್ಮ ಎಲ್ಲ ಸಾಮಾನಿನ ಕಥೆಯೂ ಅದೇ. ಇಕ್ಕಳ, ಸುತ್ತಿಗೆ, ಗರಗಸ ಎಲ್ಲವೂ ಒಯ್ದವರ ಮನೆಗಳಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿದ್ದವು. ಆಯುಧ ಪೂಜೆಯ ದಿನ ನಮ್ಮ ಲಾಯದಲ್ಲಿ ಪೂಜೆಗೆಂದು ಉಳಿದದ್ದು ಟೇಬಲ್ ಒಂದೇ. ಪಂಪಾಪತಿ ಅದಕ್ಕೇ ಚೆಂಡು ಹೂವಿನ ಹಾರ ಹಾಕಿ ಕೈ ಮುಗಿದ.

ಸಿರುಗುಪ್ಪ

ಹಬ್ಬ ಕಳೆದ ಮೇಲೆ ಸಾಮಾನು ಹುಡುಕಿಕೊಂಡು ಬಸ್ಸು ಹತ್ತಿದೆ. ಸಿರುಗುಪ್ಪದ ಈರಮ್ಮ ಅಂಗನವಾಡಿಯಲ್ಲಿ ಕೆಲಸ ಮಾಡಿ ಬಿಟ್ಟವರು. ಅವರ ಓಣಿಯ ತಿರುವಿನಲ್ಲೇ ನನ್ನ ಡ್ರಿಲ್ಲಿನ ಸದ್ದು ಕೇಳಿಸಿತು. ಮೂರನೇ ಮನೆಯ ಗೋಡೆಯಲ್ಲಿ ಕೆಲಸ ನಡೆದಿತ್ತು.

"ಬರ್ರಿ ಸರ್. ನಮ್ಮ ಓಣ್ಯಾಗ ಒಂದು ಗ್ವಾಡಿನೂ ಬಿಟ್ಟಿಲ್ಲ ನೋಡ್ರಿ" ಎಂದರು ಈರಮ್ಮ, ಹೆಮ್ಮೆಯಿಂದ.

ನಿಜವೇ. ಕ್ಯಾಲೆಂಡರಿಗೆ ತೂತು, ಪರದೆಗೆ ತೂತು, ತೊಟ್ಟಿಲ ಹಗ್ಗಕ್ಕೆ ತೂತು. ಒಂದು ಮನೆಯ ಖಾಲಿ ಗೋಡೆಯಲ್ಲಿ ಸಾಲಾಗಿ ತೂತುಗಳಿದ್ದವು, ಏನೂ ತೂಗುಹಾಕಿರಲಿಲ್ಲ. ಇದು ಯಾತಕ್ಕೆ ಎಂದು ಕೇಳಿದೆ.

"ಮಿಷಿನ್ ಬಂದಾಗ ಹಾಕಿಸಿಡೋದ್ರಿ. ಮುಂದ ಯಾವಾಗರ ಬೇಕಾಗತೈತಿ."

ಒಂದೂ ನೇರವಾಗಿರಲಿಲ್ಲ. ರಸಮಟ್ಟ ತಂದಿರಲಿಲ್ಲ, ತಂದಿದ್ದರೆ ಗುಳ್ಳೆ ಹುಚ್ಚಾಗಿ ಓಡುತ್ತಿತ್ತು. ಆದರೂ ಆ ಓಣಿಯ ಮೇಲೆ ನನಗೆ ಬಹಳ ಅಭಿಮಾನ ಉಂಟಾಯಿತು. ಸ್ಕಾಟ್ಲೆಂಡಿನ ಆ ಗರಗಸದವನನ್ನು ಒಂದು ವಾರ ಇಲ್ಲಿ ತಂದು ಬಿಡಬೇಕು ಅನಿಸಿತು. ಈರಮ್ಮ ತಂತಿ ಸುತ್ತಿ, ಬಿಸಿಯಾಗಿದ್ದ ಡ್ರಿಲ್ಲನ್ನು ನೇರ ನನ್ನ ಕೈಯಲ್ಲಿಟ್ಟರು.

"ಕೆಳಗ ಇಡಂಗಿಲ್ಲೇನ್ರಿ?" ಎಂದು ಕೇಳಿಬಿಟ್ಟೆ.

"ಕೆಳಗ ಯಾಕ ಇಡ್ಲಿ, ಧೂಳ ಹತ್ತತೈತಿ. ನಿಮಗ ಕೈ ಅದಾವಲ್ಲ."

ಆ ಖುಷಿಯಲ್ಲಿ ಡ್ರಿಲ್ಲಿನ ಬಾಯಿ ಬಿಗಿಯುವ ಕೀಲಿಯನ್ನು ಅಲ್ಲೇ ಮರೆತು ಬಸ್ಸು ಹತ್ತಿ, ನಡು ದಾರಿಯಲ್ಲಿ ಇಳಿದು, ಮತ್ತೆ ಹೋಗಿ ತಂದೆ. ಎರಡನೇ ಸಲ ಹೋದದ್ದಕ್ಕೆ ಇನ್ನೊಂದು ಮನೆಗೆ ತೂತು ಹಾಕಿ ಕೊಡಬೇಕಾಯಿತು.

ಕುರುಗೋಡು

ಡ್ರಿಲ್ಲಿನ ಚೀಲ ಬೆನ್ನಿಗೆ ಹಾಕಿಕೊಂಡು ಇನ್ನೊಂದು ಬಸ್ಸು ಹತ್ತಿದೆ. ಸಿರಿಗೇರಿ ದಾಟಿ ಕುರುಗೋಡಿನ ಗುಡ್ಡಗಳು ಕಾಣುತ್ತಿದ್ದಂತೆ ಖುಷಿ ಇಳಿಯಿತು. ಸ್ಕಾಟ್ಲೆಂಡಿಗೆ ಹೋಗಲು ವೀಸಾ ಯಾರು ಕೊಡುತ್ತಾರೆ ಎಂದು ಗೊತ್ತಿತ್ತು. ಈ ಮನೆಯ ಹೊಸ್ತಿಲು ದಾಟಲು ಯಾರನ್ನು ಕೇಳಬೇಕು ಎಂಬುದು ನಮ್ಮ ವಂಶದಲ್ಲಿ ಯಾರಿಗೂ ತಿಳಿದಿರಲಿಲ್ಲ. ನನ್ನ ಮಟ್ಟಿಗೆ ವಿದೇಶ ಎಂದರೆ ಇದೇ.

ಗೌಡರು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ನನ್ನ ವಯಸ್ಸಿನವರೇ. "ಬರ್ರಿ ಲೈಬ್ರರಿ ಸರ್, ಕೂಡ್ರಿ" ಎಂದು ಕುರ್ಚಿ ಎಳೆದರು. ನೀರು ಬಂತು. ಕುಡಿದೆ. ಗ್ಲಾಸನ್ನು ಯಾರ ಕೈಗೆ ಕೊಡಬೇಕೋ ತಿಳಿಯದೆ ಕಟ್ಟೆಯ ಮೇಲೆ ಇಟ್ಟೆ. ನೋಡಿ, ನಾನೂ ಕೆಳಗೇ ಇಟ್ಟೆ.

"ಏಣಿ ಒಳಗ ಐತ್ರಿ. ಪೂಜಿ ಮಾಡಿ ಪಡಸಾಲ್ಯಾಗ ಇಟ್ಟೀವಿ. ಹುಡುಗ್ರು ಹೊಲಕ್ಕ ಹೋಗ್ಯಾರ, ಆಳುಗಳು ಹಬ್ಬದಿಂದ ಇನ್ನೂ ಬಂದಿಲ್ಲ" ಎಂದರು ಗೌಡರು. ಸಂಜೆ ತನಕ ಕಾಯುತ್ತೀರಾ ಎನ್ನುವಂತೆ ನೋಡಿ, ಆಮೇಲೆ ತಾವೇ ಮೊಣಕಾಲು ಹಿಡಿದುಕೊಂಡು ಎದ್ದರು. "ಒಬ್ಬಾವನ ಕೈಲೆ ಆಗಂಗಿಲ್ಲ. ಒಳಗ ಬರ್ರಿ, ನೀವು ಹಿಂದಿನ ತುದಿ ಹಿಡೀರಿ. ನಾ ಮುಂದ ಹೊಂಡತೀನಿ."

ಚಪ್ಪಲಿ ಬಿಟ್ಟೆ. ಹೊಸ್ತಿಲ ಮೇಲೆ ನನ್ನ ಕಾಲು ಒಂದು ಕ್ಷಣ ನಿಂತಿತು, ನನ್ನ ಮಾತು ಕೇಳದೆ. ಗೌಡರು ಆಗಲೇ ಒಳಗಿದ್ದರು. ದಾಟಿದೆ.

ಏಣಿಗೆ ಕುಂಕುಮ ಹಚ್ಚಿ ಹೂ ಕಟ್ಟಿದ್ದರು. ಎತ್ತಿದೆವು. ಗೌಡರು ಮುಂದೆ ಹೊರಟರು. ಹಳೆಯ ಮನೆ, ಪಡಸಾಲೆಯಿಂದ ಬಾಗಿಲಿಗೆ ಇಕ್ಕಟ್ಟಿನ ತಿರುವು. ಏಣಿ ತಿರುಗಬೇಕಾದರೆ ನಾನು ಹಿಂದೆ ಹಿಂದೆ ಸರಿಯಬೇಕು. ಹಿಂದೆ ಇದ್ದದ್ದು ಅಡುಗೆ ಮನೆ. ಸರಿದೆ. ಏಣಿ ಅಲ್ಲೇ ಸಿಕ್ಕಿಕೊಂಡಿತು. ಗೌಡರು ಬೀದಿಯಲ್ಲಿ, ನಾನು ಅವರ ಒಲೆಯ ಮುಂದೆ. ದುರುಗಪ್ಪನ ಮಗ ದೊಡ್ಡಮನೆಯ ಅಡುಗೆ ಮನೆಯಲ್ಲಿ ಕೈ ಬಿಡುವಿಲ್ಲದೆ ನಿಂತಿದ್ದ. ಗೌಡರ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ತಲೆ ಎತ್ತಿದರು. 

"ಹಂಗ್ಯಾಕ ನಿಂತೀರಿ? ಎತ್ತಿ ಹಿಡೀರಿ, ಹೊಸಾ ಸುಣ್ಣ ಕೆರದೀತು" ಎಂದರು.

ಎತ್ತಿ ಹಿಡಿದೆ. ಏಣಿ ಹೊರಗೆ ಬಂತು.

ಏಣಿ ಒಯ್ಯಲು ನಾನು ಗೊತ್ತುಮಾಡಿದ್ದ ಗೂಡ್ಸ್ ಆಟೋ ಆ ಓಣಿಯೊಳಗೆ ಬರುವುದಿಲ್ಲ. ದೊಡ್ಡ ರಸ್ತೆಯ ತನಕ ಹೊರಬೇಕು. ಹೆಗಲ ಮೇಲಿಟ್ಟುಕೊಂಡು ನಡೆದೆವು, ಗೌಡರು ಮುಂದೆ, ನಾನು ಹಿಂದೆ. ಕಟ್ಟೆಗಳ ಮೇಲೆ ಕೂತವರು ಗೌಡರಿಗೆ ನಮಸ್ಕಾರ ಮಾಡಿ, ಜೊತೆಗಿರುವವನು ಯಾರೋ ದೊಡ್ಡ ಮನುಷ್ಯ ಇರಬೇಕೆಂದು ನನಗೂ ಮಾಡಿದರು.

"ನಿಮ್ದು ಬಳ್ಳಾರಿನ ಏನ್ರಿ?" ಗೌಡರು ಹಿಂದೆ ತಿರುಗದೆ ಕೇಳಿದರು.

"ಇಲ್ರಿ. ಇದ ಊರು."

"ಇದ ಊರು? ಯಾರ ಪೈಕಿ?"

ಸುಳ್ಳು ಹೇಳಬಹುದಿತ್ತು. ಆಟೋ ಇನ್ನು ಸ್ವಲ್ಪವೇ ದೂರ.

"ದುರುಗಪ್ಪನ ಮಗ ರಿ. ಕೆಳಗಿನ ಕೇರಿ."

ಏಣಿ ನಿಂತಿತು. ಗೌಡರು ನಿಂತಿದ್ದರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

"ಬಾವಿ ದುರುಗಪ್ಪ?"

"ಹೂನ್ರಿ."

"ನಮ್ಮ ಹಿತ್ತಲ ಬಾವಿ."

"ಅವ್ರ ತೋಡಿದ್ದು ರಿ."

ಒಂದು ಕಟ್ಟೆಯ ಮೇಲಿನವರು ನಮ್ಮ ಕಡೆ ತಿರುಗಿ ಕೂತರು. ಈಗ ಈ ಮನುಷ್ಯ ಏಣಿ ಇಳಿಸಿಬಿಡುತ್ತಾನೆ ಎಂದುಕೊಂಡೆ. ಇಳಿಸಿದರೆ ಒಬ್ಬನೇ ಎಳೆದುಕೊಂಡು ಹೋಗುವುದು, ಇನ್ನೆಂದೂ ಈ ಊರಿಗೆ ಬರುವುದಿಲ್ಲ, ಲಾಯಕ್ಕೆ ಬೀಗ ಹಾಕಿ ಕೀಲಿಯನ್ನು ಪಂಪಾಪತಿಗೆ ಕೊಟ್ಟುಬಿಡುವುದು ಎಂದು ಅಷ್ಟರಲ್ಲೇ ತೀರ್ಮಾನಿಸಿದೆ.

"ತಡೀರಿ" ಎಂದರು ಗೌಡರು.

ಮುಂದಿನ ತುದಿ ಅಲುಗಾಡಿತು. ಅವರು ಎರಡೂ ಕೈಯಿಂದ ಏಣಿಯನ್ನು ತಲೆಯ ಮೇಲೆ ಎತ್ತಿ ಬಲ ಹೆಗಲಿನಿಂದ ಎಡ ಹೆಗಲಿಗೆ ಇಟ್ಟುಕೊಂಡರು.

"ಹೂಂ. ನಡೀರಿ."

ನಡೆದೆವು. ನನ್ನ ಕಣ್ಣು ತುಂಬಿ ದಾರಿ ಸರಿಯಾಗಿ ಕಾಣುತ್ತಿರಲಿಲ್ಲ. ಎರಡೂ ಕೈ ಏಣಿಯ ಮೇಲಿದ್ದವು, ಒರೆಸಿಕೊಳ್ಳುವಂತಿರಲಿಲ್ಲ.